ಮಿಲ್ಲಿನ ಹೆಂಗಸರ ಸೆಕ್ರೆಟರಿ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೊರಟ ಬೆಳಗಿನ ಬಸ್ಸಿಗೆ ತೆರಕಣಾಂಬಿಯಲ್ಲಿ ಒಬ್ಬ ಮೂಟೆಯೊಂದನ್ನು ಹತ್ತಿಸಿದ. ಪ್ಲಾಸ್ಟಿಕ್ ಚೀಲ, ಬಾಯಿ ಹೊಲಿದಿತ್ತು. ಎರಡು ನಿಮಿಷದಲ್ಲಿ ಬಸ್ಸಿನ ತುಂಬ ವಾಸನೆ ಹರಡಿತು. ಹಿಂದಿನ ಸೀಟಿನ ಕಾಲೇಜು ಹುಡುಗಿಯರು ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡರು. ಕಂಡಕ್ಟರ್ ಎದ್ದು ಬಂದ.

“ಏನ್ಲಾ ಅದು? ಸತ್ತೋಗಿರದೇನಾರ ತುಂಬ್ಕೊಂಡು ಬಂದಿದ್ದೀಯಾ?”

“ರೇಷ್ಮೆ ಹುಳ ಕಣಣ್ಣ, ಒಣಗಿರದು. ಮೀನ್ಗ ಹಾಕಕ್ಕ ತಕ್ಕೊಂಡೋಯ್ತಿವ್ನಿ.”

ನನಗೆ ಮಾತ್ರ ಮೂಗು ಮುಚ್ಚಿಕೊಳ್ಳಬೇಕೆನಿಸಲಿಲ್ಲ. ಬೆಂದ ಗೂಡಿನ ನೂಲೆಲ್ಲ ಬಿಚ್ಚಿಕೊಂಡ ಮೇಲೆ ಒಳಗೆ ಉಳಿಯುವ ಹುಳದ ವಾಸನೆ ಅದು. ನನ್ನ ಇಪ್ಪತ್ತೆರಡನೆಯ ವಯಸ್ಸಿನಿಂದ ಮೂವತ್ತರವರೆಗೆ ನನ್ನ ಸುತ್ತ ಇದ್ದ ಹೆಂಗಸರ ಸೀರೆ, ತಲೆಗೂದಲು, ಬುತ್ತಿಯ ಡಬ್ಬಿ ಎಲ್ಲದಕ್ಕೂ ಇದೇ ವಾಸನೆ ಮೆತ್ತಿಕೊಂಡಿತ್ತು. ಅವರ ನಡುವೆ ಓಡಾಡುತ್ತಿದ್ದ ಒಬ್ಬ ಮನುಷ್ಯನ ಅಂಗಿಗೂ… ಕಿಟಕಿಯ ಸರಳಿಗೆ ತಲೆ ಆನಿಸಿ ಕೂತೆ. ಸೆಕ್ರೆಟರಿಯವರು ನೆನಪಾದರು.

ಅವರು ಶಾಸಕರಾದವರು. ಆಮೇಲೆ ಕೆಲವು ಕಾಲ ಒಂದು ನಿಗಮದ ಅಧ್ಯಕ್ಷರು. ಆಮೇಲೆ ಬಹಳ ವರ್ಷ ಬರೀ ಮಾಜಿ. ಆದರೆ ಮಿಲ್ಲಿನ ಹೆಂಗಸರು ಮೊದಲಿಂದ ಕೊನೆಯವರೆಗೂ ಸೆಕ್ರೆಟ್ರಿ ಎಂದೇ ಕರೆದರು. ನನ್ನ ಬಾಯಲ್ಲೂ ಅದೇ ಉಳಿದುಬಿಟ್ಟಿದೆ.

ಆಗ ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ರೈಲ್ವೆ ಹಳಿ ದಾಟಿ ಸ್ವಲ್ಪ ದೂರ ಹೋದರೆ ಒಂದು ರೇಷ್ಮೆ ಮಿಲ್ಲಿತ್ತು. ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ. ಇನ್ನೂರಕ್ಕೂ ಹೆಚ್ಚು ಹೆಂಗಸರು ಬಿಸಿನೀರಿನ ತೊಟ್ಟಿಗಳ ಮುಂದೆ ಕೂರುತ್ತಿದ್ದರು. ಗಂಡಸರು ಬಾಯ್ಲರು, ಗೋಡೌನು, ಗೇಟಿನಲ್ಲಿ. ಸೆಕ್ರೆಟರಿಯವರು ಬಾಯ್ಲರಿಗೆ ಸೌದೆ ಒಟ್ಟುತ್ತಿದ್ದವರು. ಓದಿದ್ದು ಏಳನೇ ಕ್ಲಾಸು. ಯಾವತ್ತೋ ಬೆಂಕಿ ಹಾರಿ ಬಲಗಡೆಯ ಹುಬ್ಬು ಸುಟ್ಟುಹೋಗಿದ್ದು ಮತ್ತೆ ಬೆಳೆದಿರಲಿಲ್ಲ. ಹಾಗಾಗಿ ಸುಮ್ಮನಿದ್ದಾಗಲೂ ಏನನ್ನೋ ಕೇಳುತ್ತಿರುವ ಹಾಗೆ ಕಾಣುತ್ತಿದ್ದರು.

ಸಂಘ ಕಟ್ಟಿದ ತಪ್ಪಿಗೆ ಅವರನ್ನು ಮಿಲ್ಲಿನಿಂದ ತೆಗೆದುಹಾಕಿದ್ದರು. ಸಂಘದ ಆಫೀಸೆಂದರೆ ಒಂದು ಸೈಕಲ್ ಶಾಪಿನ ಮೇಲಿನ ಕೋಣೆ. ನಾನು ಟೈಪಿಂಗ್ ಜೂನಿಯರ್ ಪಾಸು ಮಾಡಿ ಮನೆಯಲ್ಲಿ ಕೂತಿದ್ದೆ. ನಮ್ಮಪ್ಪ ಅರಿಶಿನ ಮಂಡಿಯಲ್ಲಿ ಗುಮಾಸ್ತರು. ಸೆಕ್ರೆಟರಿಯವರೇ ಮಂಡಿಗೆ ಹೋಗಿ, ‘ನಿಮ್ಮ ಮಗಳು ಟೈಪ್ ಕಲ್ತವ್ಳಂತೆ, ನಮ್ ಆಫೀಸ್ಗ ಕಳ್ಸಿ, ಅಲ್ಲಿ ಬರದೆಲ್ಲ ಹೆಂಗುಸ್ರೇ’ ಎಂದು ಕೇಳಿದರಂತೆ. ಕೆಂಪು ಬಾವುಟದವರ ಸಹವಾಸ ಮನೆತನಕ್ಕೆ ಆಗಿಬರುತ್ತದೋ ಇಲ್ಲವೋ ಎಂದು ಅಪ್ಪ ಎರಡು ದಿನ ಯೋಚಿಸಿ ಒಪ್ಪಿದರು.

ಸೆಕ್ರೆಟರಿಯವರು ಕೂತು ಬರೆಸಿದವರಲ್ಲ. ಆ ಸಣ್ಣ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತ ತಮ್ಮ ಊರಿನ ಮಾತಿನಲ್ಲೇ ಹೇಳುತ್ತ ಹೋಗುತ್ತಿದ್ದರು. ನಾನು ಅದನ್ನು ಬರವಣಿಗೆಯ ಕನ್ನಡಕ್ಕೆ ತಿರುಗಿಸಿ ಬಡಿಯುತ್ತಿದ್ದೆ. ಮೊದಲ ವಾರವೇ ಒಂದು ಅರ್ಜಿಯನ್ನು ಓದಿಸಿಕೊಂಡವರು ನಡುವೆ ನಿಲ್ಲಿಸಿದರು.

“ಬೇಡಿಕೊಳ್ಳುತ್ತೇವೆ ಅಂತ ಯಾಕ್ ಹೊಡ್ದೆ?”

“ಅರ್ಜೀಲಿ ಹಾಗೇ ಬರೆಯೋದು ಸಾರ್.”

“ದೇವ್ರತ್ರ ಬೇಡ್ಕಳನ ಕಣಮ್ಮಿ. ಇವ್ರನ್ನ ಕೇಳನ. ಕೇಳ್ತೀವಿ ಅಂತ ಹೊಡಿ.”

ನಾನು ಹೊಸ ಹಾಳೆ ಸುತ್ತಿದೆ. ಆವತ್ತು ಮನೆಗೆ ಹೋಗಿ ಅಪ್ಪನಿಗೆ ಇದನ್ನು ಹೇಳಿದಾಗ ಅವರು ನಕ್ಕಿದ್ದು ನೆನಪಿದೆ. ಮಂಡಿಯಲ್ಲಿ ಮೂವತ್ತು ವರ್ಷ ಕೈಕಟ್ಟಿ ನಿಂತವರು ಅವರು.

ಸಂಜೆ ಪಾಳಿ ಮುಗಿಯುತ್ತಲೇ ಹೆಂಗಸರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಅವರಲ್ಲಿ ಮುಂದೆ ನಿಂತು ಮಾತಾಡುತ್ತಿದ್ದವರು ಉಮ್ಮತ್ತೂರಿನ ಮಾದಮ್ಮ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಎರಡು ಮಕ್ಕಳ ತಾಯಿ, ಗಂಡ ಇರಲಿಲ್ಲ. ದಿನಾ ಊರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರ ಕೈಯನ್ನು ಮೊದಲ ಸಲ ಹತ್ತಿರದಿಂದ ಕಂಡಾಗ ನೋಟ ಬೇರೆ ಕಡೆ ತಿರುಗಿಸಿದ್ದೆ. ದಿನವಿಡೀ ಕುದಿಯುವ ನೀರಿನಲ್ಲಿ ಎಳೆ ಹುಡುಕುವ ಬೆರಳುಗಳು ಬೆಳ್ಳಗೆ ಊದಿ, ಸಂದಿಗಳಲ್ಲಿ ಬಿರಿದು, ತುದಿಯ ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು. ಅನ್ನ ಕಲಸಲು ಆಗುತ್ತಿರಲಿಲ್ಲ, ಚಮಚದಲ್ಲಿ ತಿನ್ನುತ್ತಿದ್ದರು. ಮಿಲ್ಲಿನ ಹೆಂಗಸರೆಲ್ಲರ ಕೈಯೂ ಹಾಗೇ ಇತ್ತು.

ಆ ವರ್ಷ ಮುಷ್ಕರವಾಯಿತು. ಕೈಗೆ ಔಷಧಿ, ವಾರಕ್ಕೊಮ್ಮೆ ಡಾಕ್ಟರು, ಹಾಲು ಕುಡಿಯುವ ಕೂಸುಗಳಿಗೆ ಒಂದು ಕೋಣೆ, ಖಾಯಮಾತಿ. ಇಷ್ಟು ಕೇಳಿಕೊಂಡು ಗೇಟಿನ ಮುಂದೆ ಹೆಂಗಸರು ಇಪ್ಪತ್ತೊಂದು ದಿನ ಕೂತರು. ಕೊನೆಯ ದಿನ ಮಾಲೀಕರು ಸೆಕ್ರೆಟರಿಯವರನ್ನು ಒಳಗೆ ಕರೆಸಿದರು. ಅವರು ಮಾದಮ್ಮನನ್ನೂ, ಬರೆದುಕೊಳ್ಳಲು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು.

ಮಾಲೀಕರು ಮೇಜಿನ ಎದುರಿನ ಒಂದೇ ಒಂದು ಕುರ್ಚಿ ತೋರಿಸಿ, “ಕೂತ್ಕೊಳ್ಳಿ, ಮಾತಾಡೋಣ,” ಎಂದರು.

ಸೆಕ್ರೆಟರಿಯವರು ಕೂರಲಿಲ್ಲ. “ನಾನು ಬಾಯ್ಲರ್ನೋನು ಸಾರ್. ತೊಟ್ಟಿ ಇಚಾರ ನಂಗೇನ್ಗೊತ್ತು? ಮಾದಮ್ಮ ಕುಂತ್ಕಳ್ಳಿ, ಅವ್ರು ಯೋಳ್ತಾರ.”

ಮಾದಮ್ಮ ಕುರ್ಚಿಯ ಅಂಚಿನಲ್ಲಿ ಕೂತರು. ಸೆರಗಿನ ತುದಿಯಲ್ಲಿ ಕೈ ಒರೆಸಿಕೊಂಡರು. ಆಮೇಲೆ ಶುರುಮಾಡಿದವರು ನಿಲ್ಲಿಸಲಿಲ್ಲ. ಮೂರು ತಿಂಗಳ ಕೂಸನ್ನು ಊರಿನಲ್ಲಿ ಬಿಟ್ಟು ಬಂದು ತೊಟ್ಟಿಯ ಮುಂದೆ ಕೂತಾಗ ಎದೆ ಕಟ್ಟಿ ರವಿಕೆಯೆಲ್ಲ ಒದ್ದೆಯಾಗುತ್ತಿದ್ದುದು, ಮೇಸ್ತ್ರಿ ಅದನ್ನು ನೋಡಿ ಆಡುತ್ತಿದ್ದ ಮಾತು… ಅದನ್ನೆಲ್ಲ ಒಬ್ಬ ಗಂಡಸಿನ ಮುಂದೆ ಹೆಂಗಸೊಬ್ಬಳು ಹೇಳುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಷ್ಟು ಹೊತ್ತೂ ಸೆಕ್ರೆಟರಿಯವರು ಅವರ ಕುರ್ಚಿಯ ಹಿಂದೆ ನೆಲ ನೋಡುತ್ತ ನಿಂತಿದ್ದರು. ಸಂಜೆಯ ಹೊತ್ತಿಗೆ ಒಪ್ಪಂದವಾಯಿತು.

ಎಲೆಕ್ಷನ್ನಿಗೆ ನಿಲ್ಲಿ ಎಂದು ಅವರಿಗೆ ಮೊದಲು ಹೇಳಿದವರು ಈ ಹೆಂಗಸರೇ. ಒಂದು ಪಕ್ಷ ಟಿಕೆಟ್ ಕೊಟ್ಟಿತು. ಪಾಳಿ ಮುಗಿಸಿ ಬಸ್ಸಿಳಿದ ಹೆಂಗಸರು ಮನೆಗೆ ಹೋಗುವ ಮುಂಚೆ ತಮ್ಮ ತಮ್ಮ ಊರಿನ ಕೇರಿಗಳನ್ನು ಸುತ್ತುತ್ತಿದ್ದರು. ಹೋದಲ್ಲೆಲ್ಲ ಅಂಗೈ ಬಿಚ್ಚಿ ತೋರಿಸಿ, ಈ ಕೈಗೆ ಔಷಧಿ ಕೊಡಿಸಿದವರು ಇವರು ಎನ್ನುತ್ತಿದ್ದರು. ಬೇರೆ ಭಾಷಣ ಬೇಕಿರಲಿಲ್ಲ. ಗೆದ್ದ ದಿನ ಸೆಕ್ರೆಟರಿಯವರು ಹಾರ ಹಾಕಿಕೊಂಡೇ ಮೊದಲು ಮಿಲ್ಲಿನ ಗೇಟಿಗೆ ಬಂದು, ಪಾಳಿ ಬಿಡುವವರೆಗೆ ಬಿಸಿಲಲ್ಲಿ ಕಾದು ನಿಂತಿದ್ದರು.

ಅವರು ಬದಲಾದರು ಎಂದು ಜನ ಹೇಳುತ್ತಿದ್ದರು. ಹತ್ತಿರವಿದ್ದ ನನಗೆ ಹಾಗೆ ಒಂದು ದಿನ ಗುರುತಿಟ್ಟು ತೋರಿಸಲಾಗುವುದಿಲ್ಲ. ಬೆಂಗಳೂರಿಗೆ ಹೋಗಿ ಬರುವುದು ಹೆಚ್ಚಾಯಿತು. ಅಂಗಿಗೆ ಇಸ್ತ್ರಿ ಬಂತು. ಕೂತು ಮಾತಾಡುವುದು ರೂಢಿಯಾಯಿತು. ನಾನು ಅವರ ಶಾಸಕರ ಕಚೇರಿಯಲ್ಲೇ ಟೈಪಿಸ್ಟ್ ಆಗಿ ಮುಂದುವರಿದೆ. ಬೋರ್‌ವೆಲ್ಲು, ರಸ್ತೆ, ಮೇಷ್ಟ್ರ ವರ್ಗಾವಣೆ… ದಿನಕ್ಕೆ ಅಂಥ ಕಾಗದ ಎಷ್ಟೋ. ಮಿಲ್ಲಿನ ಹೆಂಗಸರು ಬಂದರೆ ಎಲ್ಲರ ಜೊತೆ ಬೆಂಚಿನ ಮೇಲೆ ಕಾಯುತ್ತಿದ್ದರು. ಕೆಲವೊಮ್ಮೆ ಸೆಕ್ರೆಟರಿಯವರು ಕಂಡು ಮೊದಲು ಕರೆಯುತ್ತಿದ್ದರು. ಕೆಲವೊಮ್ಮೆ ಕಾಣುತ್ತಿರಲಿಲ್ಲ.

ನಾಲ್ಕನೆಯ ವರ್ಷ ಮಿಲ್ಲು ಮುಚ್ಚುವ ಮಾತು ಬಂತು. ಹೊರದೇಶದ ರೇಷ್ಮೆ ಅಗ್ಗಕ್ಕೆ ಬರುತ್ತಿದೆ, ನಡೆಸಲಾಗುವುದಿಲ್ಲ ಎಂದು ಮಾಲೀಕರು ಹೇಳುತ್ತಿದ್ದರಂತೆ. ಸಂಘ ಒಪ್ಪಿ ಸಹಿ ಹಾಕಿದರೆ ಹೆಂಗಸರಿಗೆ ಬರಬೇಕಾದ್ದನ್ನು ಕೊಟ್ಟು ಮುಚ್ಚುತ್ತೇವೆ, ಇಲ್ಲದಿದ್ದರೆ ಬೀಗ ಹಾಕಿ ಹೋಗುತ್ತೇವೆ, ಕೋರ್ಟಿನಲ್ಲಿ ನೋಡಿಕೊಳ್ಳಿ ಎಂದಿದ್ದರಂತೆ. ಸಂಘದ ಮುಖಂಡರು ಆಗಲೂ ಸೆಕ್ರೆಟರಿಯವರೇ. ಇದೆಲ್ಲ ನನಗೆ ತಿಳಿದದ್ದು ಒಂದು ಭಾನುವಾರ ಬೆಳಿಗ್ಗೆ, ಅವರು ನನ್ನನ್ನು ಸೈಕಲ್ ಶಾಪಿನ ಮೇಲಿನ ಹಳೆಯ ಕೋಣೆಗೆ ಕರೆಸಿದಾಗ.

ಆವತ್ತು ಅವರು ನಡೆದಾಡಲಿಲ್ಲ. ಕಿಟಕಿಯ ಹತ್ತಿರ ಕೂತು, ಕೈಯಲ್ಲಿದ್ದ ಕರಡು ನೋಡಿಕೊಂಡು ಓದುತ್ತ ಹೋದರು. ‘ಕಾರ್ಮಿಕರು ಸ್ವ‌ಇಚ್ಛೆಯಿಂದ ಸೇವೆಯಿಂದ ನಿವೃತ್ತರಾಗಲು ಒಪ್ಪಿರುತ್ತಾರೆ…’ ನಾನು ತಿದ್ದಬೇಕಾದ ಒಂದು ಪದವೂ ಅದರಲ್ಲಿರಲಿಲ್ಲ. ವಕೀಲರ ಕನ್ನಡ. ನನ್ನ ಬೆರಳು ನಿಂತಿತು.

“ಅವರಿಗೆಲ್ಲ ಹೇಳಿದ್ದೀರಾ ಸಾರ್?”

“ಯೋಳ್ತೀನಿ ಬುಡು. ಮೊದ್ಲು ಹೊಡಿ.”

ಹೊಡೆದೆ. ಮುಗಿದ ಮೇಲೆ ಅವರು ಹಾಳೆಗಳನ್ನು ಜೋಡಿಸಿಕೊಳ್ಳುತ್ತ ನನ್ನ ಮುಖ ನೋಡದೆ ಹೇಳಿದರು: “ಇನ್ನೊಂದು ವಾರ ಯಾರ್ಗೂ ಯೋಳ್ಬೇಡ ಕಣಮ್ಮಿ. ಈಗ್ಲೇ ಯೋಳುದ್ರ ಗೇಟ್ ಮುಂದ ಕುಂತ್ಬುಡ್ತಾರ. ಅವ್ರು ಬೀಗ ಹಾಕ್ಬುಟ್ಟು ಓಯ್ತಾರ. ಕೈಗೆ ಏನೂ ಬರಲ್ಲ. ಈ ಹೆಂಗುಸ್ರೆಲ್ಲ ಕೋರ್ಟ್ ಮೆಟ್ಲು ಹತ್ತಕ್ಕಾಗದಾ?”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದನ್ನು ನಾನು ಈಗಲೂ ಒಪ್ಪುತ್ತೇನೆ.

ಮೂರು ದಿನ ಬಿಟ್ಟು ಮಾದಮ್ಮ ಕಚೇರಿಗೆ ಬಂದರು. ಬೆಂಚಿನ ಮೇಲೆ ಕೂರದೆ ನೇರ ನನ್ನ ಮೇಜಿಗೆ ಬಂದು ಬಗ್ಗಿ ಕೇಳಿದರು.

“ಮಿಲ್ ಮುಚ್ತಾರಂತ ಕಣವ್ವ. ಗೋಡೌನ್ನೋರು ಯೋಳ್ತಾವ್ರ. ದಿಟವಾ?”

“ನನಗೇನೂ ಗೊತ್ತಿಲ್ಲ ಅಕ್ಕ,” ಎಂದೆ.

ಅವರು ನೆಟ್ಟಗೆ ನಿಂತು, “ಸರಿ ಬುಡು, ನಿಂಗ ಗೊತ್ತಿಲ್ಲ ಅಂದ್ರ ಏನೂ ಇಲ್ಲ,” ಎಂದು ಮೆಟ್ಟಿಲಿಳಿದು ಹೋದರು.

ಅದೇ ವಾರ ನನಗೆ ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಕೆಲಸದ ಆದೇಶ ಬಂತು. ಸೆಕ್ರೆಟರಿಯವರು ಆರು ತಿಂಗಳ ಹಿಂದೆಯೇ ಅದಕ್ಕೆ ಕಾಗದ ಬರೆದಿದ್ದರು. ಆ ಕಾಗದವನ್ನು ಟೈಪ್ ಮಾಡಿದವಳೂ ನಾನೇ. ಎರಡಕ್ಕೂ ಸಂಬಂಧವಿಲ್ಲ ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಸಂಬಂಧ ಇರಲೂ ಇಲ್ಲ. ಆದರೂ ಮಾದಮ್ಮ ನನ್ನ ಮೇಜಿನ ಮುಂದೆ ಬಗ್ಗಿ ನಿಂತಿದ್ದಾಗ ಆ ಆದೇಶ ನನ್ನ ಡ್ರಾಯರಿನಲ್ಲಿತ್ತು…

ಶನಿವಾರ ಪಾಳಿ ಬಿಟ್ಟ ಮೇಲೆ ಗೇಟಿನ ಮುಂದೆ ಸಭೆ. ಸೆಕ್ರೆಟರಿಯವರು ಕಲ್ಲಿನ ಮೇಲೆ ನಿಂತು ಎಲ್ಲವನ್ನೂ ಬಿಡಿಸಿ ಹೇಳಿದರು. ಯಾರಿಗೆ ಏನು ಬರುತ್ತದೆ, ಯಾವತ್ತು ಬರುತ್ತದೆ, ಕೋರ್ಟಿಗೆ ಹೋದರೆ ಏನಾಗುತ್ತಿತ್ತು. ಹೆಂಗಸರು ಡಬ್ಬಿ ಹಿಡಿದು ಕೇಳುತ್ತ ನಿಂತಿದ್ದರು. ಅವರು ಮುಗಿಸಿದ ಮೇಲೆ ಮಾದಮ್ಮ ಒಂದೇ ಮಾತು ಕೇಳಿದರು.

“ಸೆಕ್ರೆಟ್ರಿ, ನೀವು ಸೈನ್ ಮಾಡಕ್ಕ ಮುಂಚ ಕೇಳ್ತಿದ್ದೀರಾ, ಮಾಡ್ಬುಟ್ಟು ಯೋಳ್ತಿದ್ದೀರಾ?”

ಸೆಕ್ರೆಟರಿಯವರು ಕೈಯಲ್ಲಿದ್ದ ಹಾಳೆಗಳನ್ನು ಮಡಚಿ ಜೇಬಿಗಿಟ್ಟರು. ಆಮೇಲೆ, “ಮಾಡ್ಬುಟ್ಟೆ ಕಣವ್ವ,” ಎಂದರು.

ಯಾರೂ ಕೂಗಾಡಲಿಲ್ಲ. ಧಿಕ್ಕಾರವಿಲ್ಲ, ಒಂದು ಕಲ್ಲಿಲ್ಲ. ಸೀರೆಯ ಸೆರಗು ಸರಿಮಾಡಿಕೊಂಡು ಒಬ್ಬೊಬ್ಬರಾಗಿ ಬಸ್‌ಸ್ಟಾಂಡಿನ ಕಡೆ ನಡೆದರು. ಸೆಕ್ರೆಟರಿಯವರು ಕಲ್ಲಿನ ಮೇಲೆಯೇ ಉಳಿದರು. ಇಳಿಯುವಾಗ ನಾನು ಕೈ ಕೊಟ್ಟೆ. “ಬಯ್ದಿದ್ರೂ ಆಯ್ತಿತ್ತು,” ಎಂದರು.

ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಉಮ್ಮತ್ತೂರಿನ ಮತಪೆಟ್ಟಿಗೆಯಲ್ಲೂ ಸೋತರು. ಆಮೇಲಿನದು ಎಲ್ಲ ಕಡೆ ನಡೆಯುವಂಥದೇ. ಪಕ್ಷ ಬದಲಾಯಿಸಿದರು. ಒಂದು ನಿಗಮ ಸಿಕ್ಕಿತು, ಒಂದೂವರೆ ವರ್ಷ ಕಾರು ಇತ್ತು. ಆ ಕಾರು ಒಮ್ಮೆ ನಮ್ಮ ತಾಲ್ಲೂಕು ಕಚೇರಿಗೆ ಬಂದಾಗ ನಾವೆಲ್ಲ ಎದ್ದು ನಿಂತೆವು. “ಚೆನ್ನಾಗಿದ್ದೀಯಾಮ್ಮಿ?” ಎಂದರು. ಉತ್ತರ ಕೇಳಲು ಜೊತೆಯಲ್ಲಿದ್ದವರು ಬಿಡಲಿಲ್ಲ. ಮತ್ತೆ ನಿಂತರು, ಮತ್ತೆ ಸೋತರು. ಮೂರನೆಯ ಸಲ ಠೇವಣಿಯೂ ಉಳಿಯಲಿಲ್ಲ. ಅದಾದ ಮೇಲೆ ಪೇಪರಿನಲ್ಲಿ ಹೆಸರು ಕಾಣಿಸುವುದು ನಿಂತಿತು. ಇಷ್ಟರಲ್ಲಿ ನನಗೆ ಮದುವೆಯಾಗಿ, ಗುಂಡ್ಲುಪೇಟೆಯೇ ನನ್ನೂರಾಗಿ, ಅದೇ ಕಚೇರಿಯಲ್ಲಿ ಕೆಲಸ ಖಾಯಮಾಗಿ, ಟೈಪ್‌ರೈಟರು ಹೋಗಿ ಕಂಪ್ಯೂಟರು ಬಂದಿತ್ತು. ಚಾಮರಾಜನಗರಕ್ಕೆ ಹೋದಾಗ ಮಾದಮ್ಮ ಎದುರಾಗುತ್ತಿದ್ದರು. ಅರಿಶಿನ ಕೀಳುವ ಕೂಲಿಗೆ ಹೋಗುತ್ತಿದ್ದರು. ಆರೋಗ್ಯ ಕೇಳುತ್ತಿದ್ದರು, ಮಕ್ಕಳ ಬಗ್ಗೆ ಕೇಳುತ್ತಿದ್ದರು. ನಾನು ಹೇಳಬೇಕಾದ್ದನ್ನು ಹೇಳದೆ ಬಸ್ಸು ಹತ್ತುತ್ತಿದ್ದೆ.

ನನ್ನ ನಿವೃತ್ತಿಗೆ ಎರಡು ಮೂರು ವರ್ಷ ಇರುವಾಗ ಒಂದು ಮಧ್ಯಾಹ್ನ ಸೆಕ್ರೆಟರಿಯವರು ನಮ್ಮ ಕಚೇರಿಯ ವರಾಂಡದಲ್ಲಿ ಕೂತಿದ್ದರು. ಬಸ್ಸಿನಲ್ಲಿ ಬಂದಿದ್ದರು. ಶಾಸಕರಿಗೆಂದು ಬರೆದ ಸೀಟಿನಲ್ಲಿ ಯಾರೋ ಮಗು ಮಲಗಿಸಿದ್ದರಂತೆ, ಇವರು ಚಾಮರಾಜನಗರದಿಂದ ನಿಂತೇ ಬಂದಿದ್ದರು. ಜವಾನ ಯಾರೋ ಪಿಂಚಣಿಗೆ ಬಂದ ಮುದುಕ ಎಂದುಕೊಂಡು ಅಲ್ಲಿ ಕೂರಿಸಿದ್ದ. ಕೈಯಲ್ಲಿ ಒಂದು ನೋಟ್‌ಬುಕ್ಕು.

“ಒಂದು ಅರ್ಜಿ ಹೊಡ್ಕೊಡ್ಬೇಕು ಕಣಮ್ಮಿ. ಬೇರೆಯೋರ್ಗ ನಾನು ಯೋಳದು ತಿಳ್ಯಲ್ಲ.”

ನೋಟ್‌ಬುಕ್ಕಿನಲ್ಲಿ ಹೆಸರುಗಳಿದ್ದವು. ಎಲ್ಲ ಮಿಲ್ಲಿನ ಹೆಂಗಸರದು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಯಂತ್ರ ಬಂದ ಮೇಲೆ ಇವರ ಬೆಟ್ಟು ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಒತ್ತಿ ಒತ್ತಿ, ಒರೆಸಿ ಒತ್ತಿ, ಕೊನೆಗೆ ಅಂಗಡಿಯವನು ‘ನಾಳೆ ಬನ್ನಿ’ ಎಂದು ಬರಿಗೈಯಲ್ಲಿ ಕಳಿಸುತ್ತಿದ್ದ. ಕೆಲವರಿಗೆ ತಿಂಗಳುಗಟ್ಟಲೆ ಅಕ್ಕಿ ಸಿಕ್ಕಿರಲಿಲ್ಲ.

“ಗೆರೆ ಎಲ್ಲ ಆ ನೀರ್ನಲ್ಲೇ ಓಗದ,” ಎಂದರು ಸೆಕ್ರೆಟರಿಯವರು. “ಎಲ್ಲಾ ಆಫೀಸ್ನಲ್ಲೂ ವಯಸ್ಸಾಗದ, ಅದ್ಕೇ ಅಂತಾರ. ವಯಸ್ಸಾಗಿ ಅಲ್ಲ, ಕೆಲ್ಸ ಮಾಡಿ ಅಂತ ಹೊಡಿ. ಮಿಲ್ನಲ್ಲಿ ಕೆಲ್ಸ ಮಾಡಿ ಅಂತ.”

ಅವರು ನಿಂತುಕೊಂಡೇ ಹೇಳಿದರು, ನಾನು ಹೊಡೆದೆ. ಆಮೇಲೆ ಅವರು ಹೇಳದಿದ್ದರೂ ಆ ಅರ್ಜಿ ಎಲ್ಲಿಗೆಲ್ಲ ಹೋಯಿತು ಎಂಬುದು ಇಲಾಖೆಯವರ ಮೂಲಕ ನನಗೆ ತಿಳಿಯುತ್ತಿತ್ತು. ತಾಲ್ಲೂಕು, ಜಿಲ್ಲೆ, ಮತ್ತೆ ತಾಲ್ಲೂಕು. ಮಾಜಿ ಶಾಸಕರೆಂದು ಕೆಲವರು ಟೀ ಕೊಟ್ಟರು, ಹೆಚ್ಚಿನವರಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ಎಂಟು ಒಂಬತ್ತು ತಿಂಗಳು ಓಡಾಡಿದರು. ಕೊನೆಗೆ ಒಬ್ಬ ಅಧಿಕಾರಿ ದಾರಿ ಹೇಳಿದರು: ಬೆಟ್ಟು ಮೂಡದವರು ಫೋನ್ ನಂಬರು ಕೊಡಲಿ, ಅಂಗಡಿಯಲ್ಲಿ ಇರುವಾಗ ಆ ಫೋನಿಗೆ ಆರಂಕಿಯ ಒಂದು ಸಂಖ್ಯೆ ಬರುತ್ತದೆ, ಅದನ್ನು ಹೇಳಿದರೆ ಅಕ್ಕಿ ಕೊಡಬಹುದು.

ಈ ಹೆಂಗಸರ ಹತ್ತಿರ ಫೋನೆಲ್ಲಿ? ಇದ್ದ ಫೋನು ಮೊಮ್ಮಕ್ಕಳ ಜೊತೆ ಬದನಗುಪ್ಪೆಯ ಫ್ಯಾಕ್ಟರಿಗೆ ಹೋಗಿರುತ್ತಿತ್ತು. ಸೆಕ್ರೆಟರಿಯವರು ತಮ್ಮ ನಂಬರನ್ನೇ ಬರೆಸಿದರು. ಗುಮಾಸ್ತ ನಕ್ಕು, “ಎಲ್ಲಾರ್ಗೂ ನಿಮ್ದೇ ನಂಬರಾ ಯಜಮಾನ್ರೇ?” ಎಂದನಂತೆ. “ಹೂಂ ಕಣಪ್ಪ, ಎಲ್ಲಾರ್ಗೂವೆ,” ಎಂದರಂತೆ.

ಉಮ್ಮತ್ತೂರಿನ ಅಂಗಡಿಯೊಂದರಲ್ಲೇ ಹದಿನಾಲ್ಕು ಜನ. ತಿಂಗಳಿಗೊಂದು ಬೆಳಿಗ್ಗೆ ಅವರು ಅಲ್ಲಿಗೇ ಬಸ್ಸಿನಲ್ಲಿ ಹೋಗಿ, ಅಂಗಡಿಯ ಜಗಲಿಯ ಮೇಲೆ ಕೂತು, ಒಬ್ಬೊಬ್ಬರ ಸಂಖ್ಯೆ ಬಂದ ಹಾಗೆ ಕೂಗಿ ಹೇಳುತ್ತಿದ್ದರು. ಬೇರೆ ಊರಿನವರಿಗೆ ಮನೆಯಿಂದಲೇ ಅಂಗಡಿಯವರಿಗೆ ಫೋನ್ ಮಾಡಿ ಓದುತ್ತಿದ್ದರು. ನಾನು ಒಂದು ಸಲ ಜೊತೆಗೆ ಹೋಗಿದ್ದೆ. ಹೆಂಗಸರು ಸಾಲಿನಲ್ಲಿ ಕೂತಿದ್ದರು. ಹಳೆಯದನ್ನು ಯಾರೂ ಎತ್ತುತ್ತಿರಲಿಲ್ಲ. ಬಿಸಿಲಿನ ಮಾತು, ಮಂಡಿನೋವಿನ ಮಾತು. ಮಾದಮ್ಮನ ಹೆಸರು ಮಾತ್ರ ನೋಟ್‌ಬುಕ್ಕಿನಲ್ಲಿದ್ದರೂ ಅದರ ಮುಂದೆ ನಂಬರಿರಲಿಲ್ಲ. ಅವರ ಬೆಟ್ಟೂ ಯಂತ್ರಕ್ಕೆ ಗೊತ್ತಾಗುತ್ತಿರಲಿಲ್ಲ. ಸೆಕ್ರೆಟರಿಯವರು ಮನೆಗೇ ಹೋಗಿ ಕೇಳಿದ್ದಕ್ಕೆ, ‘ನಿಮ್ ಹೆಸ್ರಲ್ಲ್ ಬರ ಅಕ್ಕಿ ನಂಗ ಬ್ಯಾಡ’ ಎಂದು ಬಾಗಿಲಲ್ಲೇ ಹೇಳಿ ಕಳಿಸಿದ್ದರಂತೆ.

ಆವತ್ತು ಎಲ್ಲರದೂ ಮುಗಿಯುವ ಹೊತ್ತಿಗೆ ಮಾದಮ್ಮ ಬಂದರು. ಕೈಯಲ್ಲಿ ಕಾರ್ಡು, ಖಾಲಿ ಚೀಲ. ಐದು ತಿಂಗಳಿಂದ ಅಕ್ಕಿ ಇಲ್ಲವೆಂದು ಪಕ್ಕದವರು ನನ್ನ ಕಿವಿಯಲ್ಲಿ ಹೇಳಿದರು. ಅವರು ಜಗಲಿಯ ಕೆಳಗೆ ನಿಂತು, ಎಲ್ಲೋ ನೋಡುತ್ತ, “ನಂದೂ ಹಾಕ್ಕಳಿ,” ಎಂದರು.

ಸೆಕ್ರೆಟರಿಯವರು ಕೂಡಲೇ ಎದ್ದು ನಿಂತು ಕಾರ್ಡು ಈಸಿಕೊಂಡರು. ನಂಬರನ್ನು ಎರಡು ಸಲ ಹೊಡೆದುಹಾಕಿ ಬರೆದರು. “ಮುಂದಿನ್ ತಿಂಗ್ಳಿಂದ ಸಿಕ್ತದ ಕಣವ್ವ,” ಎಂದರು. ಮಾದಮ್ಮ ತಲೆಯಾಡಿಸಿ ಹೋದರು. ಅವರಿಬ್ಬರ ನಡುವೆ ಆದ ರಾಜಿ ಅಷ್ಟೇ. ಅದನ್ನು ರಾಜಿ ಎನ್ನಬಹುದೋ ಏನೋ…

ಎರಡು ವರ್ಷ ಹೀಗೆ ನಡೆಯಿತು. ಒಂದು ದಿನ ಬೆಳಿಗ್ಗೆ ಸ್ನಾನಕ್ಕೆ ನೀರು ಕಾಯಿಸುತ್ತಿದ್ದವರು ಒಲೆಯ ಮುಂದೆಯೇ ಕುಸಿದರಂತೆ. ಹೆಚ್ಚು ಜನ ಸೇರಲಿಲ್ಲ. ಒಂದು ಪಕ್ಷದವರು ಬಾವುಟ ಹೊದಿಸಬೇಕೆಂದರು, ಇನ್ನೊಂದು ಪಕ್ಷದವರು ನಮ್ಮವರೆಂದರು. ಕೊನೆಗೆ ಎರಡೂ ಬೇಡವೆಂದಾಯಿತು. ಯಾವನೋ ಯುವ ಮುಖಂಡ ಮಾತಾಡುತ್ತ, ಇವರು ಲಾರಿ ಚಾಲಕರ ಸಂಘ ಕಟ್ಟಿದವರು ಎಂದ. ಯಾರೂ ತಿದ್ದಲಿಲ್ಲ. ಮಾದಮ್ಮ ಎಂಟು ಜನ ಹೆಂಗಸರನ್ನು ಕರೆದುಕೊಂಡು ಬಂದು, ಮಣ್ಣು ಹಾಕಿ ಹೊರಟರು.

ಬಸ್‌ಸ್ಟಾಂಡಿನಲ್ಲಿ ಉಮ್ಮತ್ತೂರಿನ ಬಸ್ಸಿಗೆ ಕಾಯುವಾಗ ನಾನು ಮಾದಮ್ಮನ ಪಕ್ಕ ಕೂತೆ. ಮೂವತ್ತು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದು ಆವತ್ತು ಹೊರಗೆ ಬಂತು.

“ಅಕ್ಕ, ಆವತ್ತು ನೀವು ಕೇಳಿದಾಗ ನನಗೆ ಗೊತ್ತಿತ್ತು. ಆ ಕಾಗದ ಟೈಪ್ ಮಾಡಿದ್ದೇ ನಾನು.”

ಅವರು ನನ್ನ ಕಡೆ ತಿರುಗಲಿಲ್ಲ. ಅವರಿಗೆ ಇದು ಹೊಸದೋ ಹಳೆಯದೋ ನನಗೆ ತಿಳಿಯಲಿಲ್ಲ.

“ನೀನೂ ಅಂಗೇ, ಅವ್ರೂ ಅಂಗೇ,” ಎಂದರು. “ಮೊದ್ಲೇ ಯೋಳಿದ್ರ ನಾವು ನಿಮ್ಮನ್ನ ತಿಂದ್ಬುಡ್ತಿದ್ವಾ? ಮಿಲ್ ಉಳೀತಿರ್ನಿಲ್ಲ, ಅದು ನಮ್ಗೂ ಗೊತ್ತಿತ್ತು. ಎಲ್ಲಾರೂ ಕುಂತ್ಕೊಂಡು ಒಂದು ದಿನ ಅಳ್ತಿದ್ವಿ. ಒಟ್ಗ ಅಳ್ತಿದ್ವಿ ಕಣವ್ವ. ಅಷ್ಟೂ ಆಗ್ನಿಲ್ಲ. ಒಬ್ಬೊಬ್ಬ್ರು ಒಂದೊಂದ್ ಬಸ್ನಲ್ಲಿ ಅತ್ಕೊಂಡು ಓದ್ವಿ.”

ಬಸ್ಸು ಬಂತು. ಹತ್ತುವಾಗ ಅವರು ಹಿಡಿದುಕೊಳ್ಳಲು ನನ್ನ ಭುಜಕ್ಕೆ ಕೈ ಹಾಕಿದರು.

ಹದಿನೈದು ದಿನ ಕಳೆದು ಸೆಕ್ರೆಟರಿಯವರ ಹೆಂಡತಿ ನನಗೆ ಹೇಳಿ ಕಳಿಸಿದರು. ಹೋದಾಗ ಒಂದು ಸಣ್ಣ ಕೀ ಒತ್ತುವ ಫೋನನ್ನು ಕೈಗಿಟ್ಟರು. “ಬಡ್ಕೊತಾನೇ ಅದ ಕಣಮ್ಮ. ಅಂಗಡಿಯೋರು ನಂಬರ್ ಯೋಳಿ, ನಂಬರ್ ಯೋಳಿ ಅಂತಾರ. ನಂಗ ಓದಕ್ಕ ಬರಲ್ಲ.” ಬೇರೆ ನಂಬರಿಗೆ ಬದಲಾಯಿಸಿಕೊಡಿ ಎಂದು ನಾನು ರೇಷನ್ ಕಚೇರಿಯಲ್ಲಿ ಕೇಳಿದೆ. ಒಮ್ಮೆ ಬರೆಸಿದ ನಂಬರು ಬದಲಾಯಿಸಲು ಮೊದಲು ಬೆಟ್ಟು ಒತ್ತಬೇಕು ಎಂದರು.

ಫೋನು ನನ್ನ ಹತ್ತಿರವೇ ಉಳಿಯಿತು. ಅದಕ್ಕೇ ಈ ಬಸ್ಸು. ನಿವೃತ್ತಳಾದ ಮೇಲೆ ತಿಂಗಳಿಗೊಂದು ಬೆಳಿಗ್ಗೆ ಗುಂಡ್ಲುಪೇಟೆಯಿಂದ ಹೊರಟು, ಚಾಮರಾಜನಗರದಲ್ಲಿ ಬಸ್ಸು ಬದಲಾಯಿಸಿ, ಉಮ್ಮತ್ತೂರಿಗೆ ಹೋಗುತ್ತೇನೆ. ಹದಿನಾಲ್ಕಕ್ಕೆ ಮಾದಮ್ಮ ಸೇರಿ ಹದಿನೈದಾಗಿದ್ದವರಲ್ಲಿ ಈಗ ಉಳಿದವರು ಒಂಬತ್ತು ಜನ. ಬೇರೆ ಊರಿನವರದನ್ನು ಸೆಕ್ರೆಟರಿಯವರ ಹಾಗೇ ಮನೆಯಿಂದ ಓದುತ್ತೇನೆ. ಆ ಫೋನಿಗೆ ಬೇರೆ ಕರೆ ಬರುವುದಿಲ್ಲ. ಹೊಸ ವರ್ಷಕ್ಕೆ ಯಾವುದೋ ಪಕ್ಷದ ಶುಭಾಶಯವೊಂದು ಬಂದಿತ್ತು, ಮಾಜಿ ಶಾಸಕರಿಗೆ ಎಂದು.

ಇವತ್ತು ಜಗಲಿಯ ಮೇಲೆ ಕೂತು ಮೊದಲನೆಯ ಸಂಖ್ಯೆ ಓದುವಾಗ ತಡವರಿಸಿದೆ. ಅಂಗಡಿಯವನು ಒತ್ತಿದ್ದು ತಪ್ಪಾಗಿ ಮತ್ತೊಂದು ಸಂಖ್ಯೆ ಬಂತು. ಹೆಂಗಸರು ಚೀಲ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು.

“ಸೆಕ್ರೆಟ್ರಿ ಆಗಿದ್ರ ಇಷ್ಟೊತ್ಗ ಮೂರ್ ಜನದ್ದು ಆಗೋಗಿರದು,” ಎಂದರು ಮಾದಮ್ಮ.

“ಹೌದು ಅಕ್ಕ,” ಎಂದೆ. ಕನ್ನಡಕ ಒರೆಸಿ ಹಾಕಿಕೊಂಡು ಮತ್ತೆ ಮೊದಲಿನಿಂದ ಓದಿದೆ.